ರೋಬೋ ತೋಳಿನ ಕೀಲುಗಳು: ಆಯ್ಕೆಯಿಂದ ಚಲನೆಯ ಪರೀಕ್ಷೆಯವರೆಗೆ ಸಮಗ್ರ ಮಾರ್ಗದರ್ಶಿ

ರೋಬೋ ತೋಳನ್ನು ಕಟ್ಟಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಎಷ್ಟು ಮೋಟಾರು ಬೇಕು ಎಂದು. ಅದಕ್ಕಿಂತ ಮೊದಲೇ ತೀರ್ಮಾನವಾಗಬೇಕಾದ ಸಂಗತಿ ಬೇರೊಂದಿದೆ: ಪ್ರತಿಯೊಂದು ಕೀಲಿನ ಅಕ್ಷವು ಯಾವ ದಿಕ್ಕಿಗೆ ನಿಲ್ಲಬೇಕು ಮತ್ತು ಕೀಲುಗಳು ಯಾವ ಕ್ರಮದಲ್ಲಿ ಒಂದರ ಹಿಂದೆ ಒಂದು ಬರಬೇಕು ಎಂಬುದು. ತೋಳು ಎಲ್ಲೆಲ್ಲಿ ತಲುಪುತ್ತದೆ, ಎಷ್ಟು ಭಾರ ಹೊರುತ್ತದೆ, ಯಾವ ಜಾಗದಲ್ಲಿ ತಡವರಿಸುತ್ತದೆ ಎಂಬುದೆಲ್ಲ ಬಹುಪಾಲು ಇದರಿಂದಲೇ ನಿರ್ಧಾರವಾಗುತ್ತದೆ. ಮೋಟಾರಿನ ಶಕ್ತಿ ಅನಂತರದ ಮಾತು. ಈ ಮಾರ್ಗದರ್ಶಿಯಲ್ಲಿ ಮೇಜಿನ ಮೇಲಿಡಬಹುದಾದ ಒಂದು ಸಣ್ಣ ತೋಳನ್ನು ಉದಾಹರಣೆಯಾಗಿ ಇಟ್ಟುಕೊಂಡು, ಕೀಲುಗಳ ಆಯ್ಕೆಯಿಂದ ಹಿಡಿದು ಚಲನೆಯ ಲೆಕ್ಕ ಮತ್ತು ಪರೀಕ್ಷೆಯವರೆಗೆ ಹಂತಹಂತವಾಗಿ ಸಾಗೋಣ. ಹತ್ತನೆಯ ತರಗತಿಯ ತ್ರಿಕೋನಮಿತಿ ಮತ್ತು ಪಿಯುಸಿಯ ಭೌತಶಾಸ್ತ್ರ ತಿಳಿದಿದ್ದರೆ ಇಲ್ಲಿನ ಎಲ್ಲ ಲೆಕ್ಕವನ್ನೂ ಸ್ವತಃ ಮಾಡಿ ನೋಡಬಹುದು.

ಹಂತ 1: ಕೆಲಸವನ್ನು ಚಲನೆಗಳಾಗಿ ಬಿಡಿಸಿಕೊಳ್ಳುವುದು

ಜಾಗದಲ್ಲಿ ಬಿಡುವಾಗಿರುವ ಯಾವುದೇ ಗಟ್ಟಿ ವಸ್ತುವಿಗೆ ಆರು ಚಲನ ಸ್ವಾತಂತ್ರ್ಯಗಳಿವೆ. ಅದು ಮೂರು ದಿಕ್ಕುಗಳಲ್ಲಿ ಸರಿಯಬಲ್ಲದು, ಮೂರು ಅಕ್ಷಗಳ ಸುತ್ತ ತಿರುಗಬಲ್ಲದು. ನಿಮ್ಮ ಕೆಲಸಕ್ಕೆ ಈ ಆರರಲ್ಲಿ ಯಾವುವು ನಿಜವಾಗಿ ಬೇಕು ಎಂಬುದನ್ನು ಕಾಗದದ ಮೇಲೆ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ತೋಳು ಒಂದು ಟ್ರೇಯಲ್ಲಿ ಮಲಗಿರುವ 100 ಗ್ರಾಂ ತೂಕದ ಬಿಡಿಭಾಗವನ್ನು ಮೇಲಿನಿಂದ ಹಿಡಿದು, ಎತ್ತಿ, ಪಕ್ಕದ ಚೌಕಟ್ಟಿನಲ್ಲಿ ಬೇಕಾದ ಕೋನಕ್ಕೆ ತಿರುಗಿಸಿ ಇಡಬೇಕು. ಇದಕ್ಕೆ ಬೇಕಾಗುವುದು ಮೂರು ಸರಿಯುವಿಕೆಗಳು ಮತ್ತು ಲಂಬ ಅಕ್ಷದ ಸುತ್ತಲಿನ ಒಂದು ತಿರುಗುವಿಕೆ. ಬಿಡಿಭಾಗವು ಸದಾ ಸಮತಲವಾಗಿಯೇ ಇರುವುದರಿಂದ ಉಳಿದ ಎರಡು ತಿರುಗುವಿಕೆಗಳ ಅಗತ್ಯವಿಲ್ಲ. ಆದ್ದರಿಂದ ನಾಲ್ಕು ಕೀಲುಗಳು ಸಾಕು, ಆದರೆ ಅವು ಸರಿಯಾದ ನಾಲ್ಕಾಗಿರಬೇಕು.

ಬಣ್ಣ ಸಿಂಪಡಿಸುವ ಅಥವಾ ವೆಲ್ಡಿಂಗ್ ಮಾಡುವ ತೋಳಿಗೆ ಉಪಕರಣವನ್ನು ಯಾವ ಓರೆಯಲ್ಲಾದರೂ ಹಿಡಿಯಬೇಕಾಗುತ್ತದೆ, ಹಾಗಾಗಿ ಆರು ಕೀಲುಗಳು ಬೇಕು. ನಮ್ಮ ಕೈಯಲ್ಲಿ ಭುಜಕ್ಕೆ ಮೂರು, ಮೊಣಕೈಗೆ ಒಂದು, ಮುಂಗೈಯ ತಿರುವಿಗೆ ಒಂದು, ಮಣಿಕಟ್ಟಿಗೆ ಎರಡು ಎಂದು ಒಟ್ಟು ಏಳು ಸ್ವಾತಂತ್ರ್ಯಗಳಿವೆ. ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದುಕೊಂಡೇ ಮೊಣಕೈಯನ್ನು ಮೇಲೆ ಕೆಳಗೆ ಆಡಿಸಲು ಆಗುವುದು ಆ ಹೆಚ್ಚುವರಿ ಏಳನೆಯದರಿಂದ. ಅಡೆತಡೆಗಳ ನಡುವೆ ಕೈ ತೂರಿಸಬೇಕಾದ ಕಡೆ ಈ ಹೆಚ್ಚುವರಿ ಕೀಲಿಗೆ ದೊಡ್ಡ ಬೆಲೆಯಿದೆ. 2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿ-ಸಿ60 ರಾಕೆಟ್ಟಿನೊಂದಿಗೆ ಇಸ್ರೋ ಕಳಿಸಿದ, ತಿರುವನಂತಪುರದ ಇನರ್ಷಿಯಲ್ ಸಿಸ್ಟಮ್ಸ್ ಯೂನಿಟ್ ರೂಪಿಸಿದ ನಡೆಯುವ ರೋಬೋ ತೋಳಿನಲ್ಲಿಯೂ ಏಳು ಸ್ವಾತಂತ್ರ್ಯಗಳಿವೆ. ಟ್ರೇಯಿಂದ ಬಿಡಿಭಾಗ ಎತ್ತುವ ತೋಳಿಗೆ ಏಳು ಕೀಲುಗಳನ್ನು ಕೊಡುವುದು ದಂಡ. ಪ್ರತಿಯೊಂದು ಹೆಚ್ಚುವರಿ ಕೀಲು ತನ್ನ ತೂಕವನ್ನೂ ಸಡಿಲವನ್ನೂ ತೋಳಿಗೆ ಸೇರಿಸುತ್ತದೆ.

ಹಂತ 2: ಕೀಲಿನ ಬಗೆಯನ್ನು ಆರಿಸುವುದು

ಜರ್ಮನಿಯ ಎಂಜಿನಿಯರ್ ಫ್ರಾಂಜ್ ರೂಲೋ 19ನೆಯ ಶತಮಾನದಲ್ಲಿ ಯಂತ್ರಗಳ ಕೀಲುಗಳನ್ನು ವರ್ಗೀಕರಿಸಿದನು. ಎರಡು ಭಾಗಗಳು ಮೇಲ್ಮೈಗೆ ಮೇಲ್ಮೈ ತಾಗಿಕೊಂಡು ಚಲಿಸುವ ಕೀಲುಗಳಲ್ಲಿ ಆರು ಬಗೆಗಳಿವೆ: ತಿರುಗುಕೀಲು, ಜಾರುಕೀಲು, ತಿರುಪುಕೀಲು, ಕೊಳವೆಕೀಲು, ಗೋಳಕೀಲು ಮತ್ತು ಸಮತಲಕೀಲು. ಮೊದಲ ಮೂರಕ್ಕೆ ಒಂದೊಂದು ಸ್ವಾತಂತ್ರ್ಯ. ತಿರುಪುಕೀಲಿನಲ್ಲಿ ತಿರುಗುವುದೂ ಮುಂದೆ ಸಾಗುವುದೂ ಒಂದಕ್ಕೊಂದು ಕಟ್ಟುಬಿದ್ದಿರುವುದರಿಂದ ಅದಕ್ಕೂ ಒಂದೇ. ಕೊಳವೆಕೀಲಿಗೆ ಎರಡು, ಗೋಳಕೀಲಿಗೂ ಸಮತಲಕೀಲಿಗೂ ಮೂರು ಮೂರು.

ರೋಬೋ ತೋಳುಗಳಲ್ಲಿ ಮೋಟಾರು ನೇರವಾಗಿ ನಡೆಸುವುದು ಬಹುತೇಕ ತಿರುಗುಕೀಲು ಮತ್ತು ಜಾರುಕೀಲುಗಳನ್ನು ಮಾತ್ರ, ಏಕೆಂದರೆ ಒಂದು ಮೋಟಾರು ಒಂದು ಸ್ವಾತಂತ್ರ್ಯವನ್ನಷ್ಟೇ ನಿಯಂತ್ರಿಸಬಲ್ಲದು. ಗೋಳಕೀಲಿನ ಚಲನೆ ಬೇಕೆಂದರೆ ಮೂರು ತಿರುಗುಕೀಲುಗಳನ್ನು ಅವುಗಳ ಅಕ್ಷಗಳು ಒಂದೇ ಬಿಂದುವಿನಲ್ಲಿ ಸಂಧಿಸುವಂತೆ ಜೋಡಿಸುತ್ತಾರೆ. ಕಾರ್ಖಾನೆಯ ಆರು ಕೀಲಿನ ತೋಳುಗಳ ಮಣಿಕಟ್ಟು ಸಾಮಾನ್ಯವಾಗಿ ಇದೇ ಬಗೆಯದು, ಮತ್ತು ಅದಕ್ಕೆ ಗಣಿತದ ಕಾರಣವೊಂದಿದೆ. ಅಕ್ಕಪಕ್ಕದ ಮೂರು ಅಕ್ಷಗಳು ಒಂದೇ ಬಿಂದುವಿನಲ್ಲಿ ಸೇರಿದರೆ ಆರು ಕೀಲುಗಳ ಕೋನಗಳನ್ನು ಸೂತ್ರದಿಂದಲೇ ಬಿಡಿಸಬಹುದು ಎಂದು 1968ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಪೀಪರ್ ತೋರಿಸಿಕೊಟ್ಟರು. ಹಾಗೆ ಸೇರದಿದ್ದರೆ ಹೆಚ್ಚಿನ ವಿನ್ಯಾಸಗಳಲ್ಲಿ ಕಂಪ್ಯೂಟರ್ ಮತ್ತೆ ಮತ್ತೆ ಅಂದಾಜು ಮಾಡುತ್ತ ಉತ್ತರದ ಹತ್ತಿರ ಸರಿಯಬೇಕಾಗುತ್ತದೆ.

ತಿರುಗುಕೀಲು ಸಣ್ಣ ಜಾಗದಲ್ಲಿ ಕೂರುತ್ತದೆ, ಬೇರಿಂಗ್ ಹಾಕಿ ಧೂಳಿನಿಂದ ಮುಚ್ಚುವುದು ಸುಲಭ, ಸಣ್ಣ ಕೋನದಿಂದ ದೊಡ್ಡ ದೂರವನ್ನು ಕ್ರಮಿಸುತ್ತದೆ. ಆದರೆ ಕೋನದ ತಪ್ಪು ತೋಳಿನ ಉದ್ದದೊಂದಿಗೆ ಬೆಳೆಯುತ್ತದೆ. ಜಾರುಕೀಲಿನಲ್ಲಿ ತಪ್ಪು ಹಾಗೆ ಬೆಳೆಯುವುದಿಲ್ಲ, ನೇರ ಗೆರೆಯ ಚಲನೆಗೆ ಲೆಕ್ಕವೇ ಬೇಕಾಗುವುದಿಲ್ಲ. ಬದಲಿಗೆ ಅದು ಚಲಿಸುವ ದೂರಕ್ಕಿಂತ ಉದ್ದವಾದ ಹಳಿಯನ್ನು ಕೇಳುತ್ತದೆ, ಆ ಹಳಿಗೆ ಧೂಳು ಬೀಳದಂತೆ ಕಾಪಾಡಬೇಕಾಗುತ್ತದೆ.

ಹಂತ 3: ಕೀಲುಗಳ ಕ್ರಮ ಮತ್ತು ಅಕ್ಷದ ದಿಕ್ಕು

ಬುಡದಿಂದ ಎಣಿಸಿದಾಗ ಸಿಗುವ ಮೊದಲ ಮೂರು ಕೀಲುಗಳು ತೋಳಿನ ಸ್ವಭಾವವನ್ನು ತೀರ್ಮಾನಿಸುತ್ತವೆ. ಮೂರೂ ಜಾರುಕೀಲುಗಳಾಗಿದ್ದು ಪರಸ್ಪರ ಲಂಬವಾಗಿದ್ದರೆ ಅದು ಪೆಟ್ಟಿಗೆಯಾಕಾರದ ಕ್ಷೇತ್ರದಲ್ಲಿ ದುಡಿಯುತ್ತದೆ. ತ್ರೀಡಿ ಪ್ರಿಂಟರುಗಳಲ್ಲಿ ಹಲವು ಈ ಬಗೆಯವು. ಎರಡು ತಿರುಗುಕೀಲುಗಳ ತುದಿಯಲ್ಲಿ ಒಂದು ಜಾರುಕೀಲು ಬಂದರೆ ತೋಳು ತಿರುಗುತ್ತ, ಬಾಗುತ್ತ, ಉದ್ದವಾಗುತ್ತ ಗೋಳಾಕಾರದ ಕ್ಷೇತ್ರವನ್ನು ತಲುಪುತ್ತದೆ. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತ ಯೂನಿಮೇಟ್ ಎಂಬ ಮೊದಲ ಕೈಗಾರಿಕಾ ರೋಬೋ ಈ ಮಾದರಿಯದ್ದಾಗಿತ್ತು, ಅದನ್ನು ನಡೆಸುತ್ತಿದ್ದುದು ಎಣ್ಣೆಯ ಒತ್ತಡ. ಮೂರೂ ತಿರುಗುಕೀಲುಗಳಾದರೆ ಮನುಷ್ಯನ ತೋಳನ್ನು ಹೋಲುವ ಬಗೆ ಸಿಗುತ್ತದೆ, 1978ರಲ್ಲಿ ಯೂನಿಮೇಷನ್ ಕಂಪನಿ ತಂದ ಪ್ಯೂಮಾ ಇದರ ಪ್ರಸಿದ್ಧ ಉದಾಹರಣೆ.

ನಮ್ಮ ಟ್ರೇಯ ಕೆಲಸಕ್ಕೆ ಇವೆಲ್ಲಕ್ಕಿಂತ ಒಗ್ಗುವುದು ಜಪಾನಿನ ಯಮನಾಶಿ ವಿಶ್ವವಿದ್ಯಾಲಯದ ಹಿರೋಶಿ ಮಾಕಿನೋ 1978ರಲ್ಲಿ ರೂಪಿಸಿದ ಸ್ಕಾರಾ ತೋಳು. ಇದರಲ್ಲಿ ಭುಜ, ಮೊಣಕೈ, ಮಣಿಕಟ್ಟು ಈ ಮೂರೂ ತಿರುಗುಕೀಲುಗಳ ಅಕ್ಷಗಳು ಲಂಬವಾಗಿ, ಒಂದಕ್ಕೊಂದು ಸಮಾಂತರವಾಗಿ ನಿಂತಿರುತ್ತವೆ. ಮೇಲೆ ಕೆಳಗೆ ಚಲಿಸಲು ತುದಿಯಲ್ಲಿ ಒಂದು ಜಾರುಕೀಲು ಇರುತ್ತದೆ. ಮನುಷ್ಯನ ತೋಳನ್ನು ಹೋಲುವ ನಾಲ್ಕು ಕೀಲಿನ ತೋಳಿನಲ್ಲಿ, ಅಂದರೆ ಬುಡದ ತಿರುವು, ಭುಜ, ಮೊಣಕೈ ಮತ್ತು ಬಾಗುವ ಮಣಿಕಟ್ಟು ಇರುವ ತೋಳಿನಲ್ಲಿ, ವಸ್ತುವನ್ನು ಹಿಡಿಯುವ ತುದಿಭಾಗವಾದ ಗ್ರಿಪ್ಪರನ್ನು ನೇರ ಕೆಳಮುಖವಾಗಿ ಹಿಡಿಯಬಹುದಾದರೂ ಬಿಡಿಭಾಗವನ್ನು ಬೇಕಾದ ಕೋನಕ್ಕೆ ತಿರುಗಿಸಲಾಗದು. ಆ ಕೋನ ಬುಡದ ತಿರುವಿಗೆ ಕಟ್ಟುಬಿದ್ದಿರುತ್ತದೆ. ಅದಕ್ಕೆ ಐದನೆಯ ಕೀಲು ಬೇಕು. ಸ್ಕಾರಾ ನಾಲ್ಕರಲ್ಲಿಯೇ ಕೆಲಸ ಪೂರೈಸುತ್ತದೆ. ಕೀಲುಗಳ ಸಂಖ್ಯೆ ಒಂದೇ ಆದರೂ ಅಕ್ಷದ ದಿಕ್ಕು ಬದಲಾದಾಗ ತೋಳಿನ ಸಾಮರ್ಥ್ಯ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಅಕ್ಷಗಳನ್ನು ದಾಖಲಿಸಲು 1955ರಲ್ಲಿ ಡೆನಾವಿಟ್ ಮತ್ತು ಹಾರ್ಟೆನ್‌ಬರ್ಗ್ ಕೊಟ್ಟ ಪದ್ಧತಿ ಇಂದಿಗೂ ಬಳಕೆಯಲ್ಲಿದೆ. ಪ್ರತಿ ಕೀಲಿಗೆ ನಾಲ್ಕು ಸಂಖ್ಯೆಗಳನ್ನು ಬರೆಯಬೇಕು: ಮುಂದಿನ ಅಕ್ಷದವರೆಗಿನ ದೂರ, ಎರಡು ಅಕ್ಷಗಳ ನಡುವಿನ ಓರೆ, ಅಕ್ಷದ ಗುಂಟ ಸರಿದ ಎತ್ತರ, ಮತ್ತು ಅಕ್ಷದ ಸುತ್ತ ತಿರುಗಿದ ಕೋನ. ತಿರುಗುಕೀಲಿನಲ್ಲಿ ಕೊನೆಯದು ಬದಲಾಗುತ್ತದೆ, ಜಾರುಕೀಲಿನಲ್ಲಿ ಮೂರನೆಯದು ಬದಲಾಗುತ್ತದೆ, ಉಳಿದ ಮೂರು ಸ್ಥಿರ. ನಮ್ಮ ತೋಳಿನಲ್ಲಿ ಭುಜದಿಂದ ಮೊಣಕೈಗೆ 20 ಸೆಂ.ಮೀ., ಮೊಣಕೈಯಿಂದ ಮಣಿಕಟ್ಟಿಗೆ 15 ಸೆಂ.ಮೀ. ಎಂದು ಇಟ್ಟುಕೊಳ್ಳೋಣ.

ಹಂತ 4: ಭಾರ ಮತ್ತು ತಿರುಗುಬಲದ ಲೆಕ್ಕ

ಲೆಕ್ಕಕ್ಕಾಗಿ ತೂಕಗಳನ್ನು ಹೀಗೆ ಹಿಡಿಯೋಣ. ಭುಜದಿಂದ ಮೊಣಕೈವರೆಗಿನ ಭಾಗ, ಅಂದರೆ ಮೊದಲ ಕೊಂಡಿ, 200 ಗ್ರಾಂ, ಅದರ ಭಾರಕೇಂದ್ರ ಭುಜದಿಂದ 10 ಸೆಂ.ಮೀ. ದೂರದಲ್ಲಿ. ಮೊಣಕೈ ಮೋಟಾರು 60 ಗ್ರಾಂ, 20 ಸೆಂ.ಮೀ. ದೂರದಲ್ಲಿ. ಮೊಣಕೈಯಿಂದ ಮಣಿಕಟ್ಟಿನವರೆಗಿನ ಎರಡನೆಯ ಕೊಂಡಿ 100 ಗ್ರಾಂ, 27.5 ಸೆಂ.ಮೀ. ದೂರದಲ್ಲಿ. ತುದಿಯ ಜಾರುಕೀಲು, ಗ್ರಿಪ್ಪರ್ ಮತ್ತು ಹೊರೆ ಸೇರಿ 400 ಗ್ರಾಂ, 35 ಸೆಂ.ಮೀ. ದೂರದಲ್ಲಿ. ಪ್ರತಿ ತೂಕವನ್ನು ಅದರ ದೂರದಿಂದ ಗುಣಿಸಿದರೆ ಕ್ರಮವಾಗಿ 2, 1.2, 2.75 ಮತ್ತು 14 ಬರುತ್ತದೆ, ಒಟ್ಟು ಸುಮಾರು 20 ಕೆ.ಜಿ.-ಸೆಂ.ಮೀ.

ಭುಜದ ಅಕ್ಷ ಅಡ್ಡವಾಗಿದ್ದಿದ್ದರೆ, ತೋಳನ್ನು ಚಾಚಿ ಸುಮ್ಮನೆ ಹಿಡಿದುಕೊಳ್ಳಲಿಕ್ಕೇ ಮೋಟಾರು ಈ 20 ಕೆ.ಜಿ.-ಸೆಂ.ಮೀ. ತಿರುಗುಬಲವನ್ನು ಬಿಡುವಿಲ್ಲದೆ ಕೊಡಬೇಕಾಗುತ್ತಿತ್ತು. ಹವ್ಯಾಸಿಗಳು ಹೆಚ್ಚಾಗಿ ಕೊಳ್ಳುವ ಎಂಜಿ996ಆರ್ ಎಂಬ ಸರ್ವೋ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ) ಮೋಟಾರು ನಿಂತುಹೋಗುವ ಮುನ್ನ ಕೊಡಬಲ್ಲ ಗರಿಷ್ಠ ಬಲ ಸುಮಾರು 10 ಕೆ.ಜಿ.-ಸೆಂ.ಮೀ. ಮಾತ್ರ, ಅಂದರೆ ಅದು ತೋಳನ್ನು ಎತ್ತುವುದೇ ಇಲ್ಲ. ಸ್ಕಾರಾದಲ್ಲಿ ಅಕ್ಷ ಲಂಬವಾಗಿರುವುದರಿಂದ ಗುರುತ್ವವು ತೋಳನ್ನು ತಿರುಗಿಸಲು ಹೋಗುವುದಿಲ್ಲ. ಆದರೆ ಆ 20 ಕೆ.ಜಿ.-ಸೆಂ.ಮೀ. ಎಲ್ಲಿಗೂ ಮಾಯವಾಗಿಲ್ಲ, ಅದು ಭುಜವನ್ನು ಬಾಗಿಸುವ ಬಲವಾಗಿ ಬೇರಿಂಗಿನ ಮೇಲೆ ಬೀಳುತ್ತದೆ. ಸರ್ವೋದ ಸಣ್ಣ ಶಾಫ್ಟಿನ ಮೇಲೆಯೇ ತೋಳನ್ನು ತಿರುಪಿನಿಂದ ಬಿಗಿದರೆ ಕೆಲವೇ ದಿನಗಳಲ್ಲಿ ತುದಿ ಜೋತುಬೀಳುತ್ತದೆ. ಒಂದರ ಮೇಲೊಂದು 4 ಸೆಂ.ಮೀ. ಅಂತರದಲ್ಲಿ ಎರಡು ಬೇರಿಂಗುಗಳನ್ನು ಕೂರಿಸಿದರೆ, ಬಾಗುಬಲದಿಂದ ಪ್ರತಿಯೊಂದರ ಮೇಲೆ ಬೀಳುವ ಪಕ್ಕಬಲ ಸುಮಾರು 5 ಕೆ.ಜಿ. ಮಾತ್ರ, ಇದು ಸಾಧಾರಣ ಬಾಲ್ ಬೇರಿಂಗಿಗೆ ಏನೇನೂ ಅಲ್ಲ. ಮೋಟಾರು ತಿರುಗಿಸಲಿ, ಬೇರಿಂಗ್ ಹೊರಲಿ. ಇವೆರಡನ್ನು ಬೇರ್ಪಡಿಸುವುದು ಕೀಲು ಕಟ್ಟುವವರು ಬಿಡದೆ ಪಾಲಿಸಬೇಕಾದ ನಿಯಮ.

ಇನ್ನು ಉಳಿದದ್ದು ವೇಗ ಹೆಚ್ಚಿಸಲು ಬೇಕಾದ ಬಲ. ಚಾಚಿದ ತೋಳಿನ ಜಡತ್ವ ಭ್ರಾಮಕವನ್ನು ಮೇಲಿನ ತೂಕಗಳಿಂದ ಲೆಕ್ಕ ಹಾಕಿದರೆ ಸುಮಾರು 0.062 ಕೆ.ಜಿ.-ಚದರ ಮೀಟರ್ ಬರುತ್ತದೆ. ಮುಂದೆ ಹೇಳಲಿರುವ ನಯವಾದ ವೇಗಕ್ರಮದಲ್ಲಿ ಭುಜವನ್ನು ಒಂದು ಸೆಕೆಂಡಿನಲ್ಲಿ 90 ಡಿಗ್ರಿ ತಿರುಗಿಸಲು ಗರಿಷ್ಠ ಸುಮಾರು 6 ಕೆ.ಜಿ.-ಸೆಂ.ಮೀ. ಬೇಕು, ಅದೂ ಚಲನೆಯ ಆರಂಭ ಮತ್ತು ಅಂತ್ಯದಲ್ಲಿ ಮಾತ್ರ. ಅದೇ ಚಲನೆಯನ್ನು ಅರ್ಧ ಸೆಕೆಂಡಿನಲ್ಲಿ ಮುಗಿಸಬೇಕೆಂದರೆ ಬಲ ನಾಲ್ಕು ಪಟ್ಟಾಗಿ 24 ಕೆ.ಜಿ.-ಸೆಂ.ಮೀ. ತಲುಪುತ್ತದೆ. ಆದ್ದರಿಂದ ಮೋಟಾರನ್ನು ಕೊಳ್ಳುವ ಮುನ್ನ ಎಷ್ಟು ಸಮಯದಲ್ಲಿ ಎಷ್ಟು ತಿರುಗಬೇಕು ಎಂಬುದನ್ನು ನಿಶ್ಚಯಿಸಿ, ಲೆಕ್ಕದಲ್ಲಿ ಬಂದ ಬಲದ ಎರಡರಷ್ಟನ್ನಾದರೂ ಕೊಡಬಲ್ಲ ಮೋಟಾರನ್ನು ಆರಿಸಿರಿ. ಘರ್ಷಣೆ ಈ ಲೆಕ್ಕದಲ್ಲಿ ಸೇರಿಲ್ಲ, ಸರ್ವೋಗಳ ಮೇಲೆ ಬರೆದ ಬಲವೂ ನಿರಂತರ ಬಳಕೆಗೆ ಸಿಗುವಂಥದ್ದಲ್ಲ.

ಗುರುತ್ವದ ಪಾಲು ಎಷ್ಟು ದೊಡ್ಡದೆಂಬುದನ್ನು ಬಾಹ್ಯಾಕಾಶದ ತೋಳುಗಳು ಚೆನ್ನಾಗಿ ತೋರಿಸುತ್ತವೆ. 1981ರಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯಲ್ಲಿ ಮೊದಲು ಹಾರಿದ ಕೆನಡಾರ್ಮ್ 15 ಮೀಟರಿಗೂ ಉದ್ದವಾಗಿತ್ತು, ಕಕ್ಷೆಯಲ್ಲಿ ದೊಡ್ಡ ಉಪಗ್ರಹಗಳನ್ನು ಸರಿಸುತ್ತಿತ್ತು. ಆದರೆ ಅದರ ಕೀಲುಗಳ ಮೋಟಾರುಗಳಿಗೆ ಭೂಮಿಯ ಮೇಲೆ ಆ ತೋಳನ್ನೇ ಎತ್ತುವ ಶಕ್ತಿಯಿರಲಿಲ್ಲ.

ಜಾರುಕೀಲಿನ ವಿಷಯದಲ್ಲಿ ಗುರುತ್ವದಿಂದ ತಪ್ಪಿಸಿಕೊಳ್ಳಲಾಗದು. ಇಲ್ಲಿ ತಿರುಪುದಂಡವನ್ನು ಬಳಸಿರಿ. ಒಂದು ಸುತ್ತಿಗೆ 8 ಮಿ.ಮೀ. ಸಾಗುವ ದಂಡ ವೇಗವಾಗಿ ಚಲಿಸುತ್ತದಾದರೂ ವಿದ್ಯುತ್ ಹೋದಾಗ ಹೊರೆಯ ಭಾರಕ್ಕೆ ತಾನಾಗಿ ಇಳಿಯಬಹುದು. 2 ಮಿ.ಮೀ. ಸಾಗುವ ದಂಡ ಘರ್ಷಣೆಯಿಂದಲೇ ತಡೆದು ನಿಲ್ಲುತ್ತದೆ, ಒಂದು ಸುತ್ತನ್ನು 200 ಸಮ ಹೆಜ್ಜೆಗಳಲ್ಲಿ ತಿರುಗುವ ಸ್ಟೆಪ್ಪರ್ ಮೋಟಾರಿನೊಂದಿಗೆ ಪ್ರತಿ ಹೆಜ್ಜೆಗೆ 0.01 ಮಿ.ಮೀ. ಚಲನೆ ಕೊಡುತ್ತದೆ. ಗ್ರಿಪ್ಪರಿನ ಕೆಳಗೆ ಬೆರಳು ಇರುವ ಸಂಭವವಿರುವಲ್ಲೆಲ್ಲ ಎರಡನೆಯದೇ ಸರಿ.

ಹಂತ 5: ಕೋನದಿಂದ ಸ್ಥಾನ, ಸ್ಥಾನದಿಂದ ಕೋನ

ಮೇಲಿನಿಂದ ನೋಡಿದಾಗ ಸ್ಕಾರಾ ತೋಳು ಎರಡು ಕೊಂಡಿಗಳ ಚಿತ್ರವಾಗಿ ಕಾಣುತ್ತದೆ. ಮೊಣಕೈ ಕೋನವನ್ನು ಮೊದಲ ಕೊಂಡಿಯ ನೇರದಿಂದ ಅಳೆಯುತ್ತೇವೆ. ತುದಿಯ ಅಡ್ಡದೂರ ಬೇಕಿದ್ದರೆ, ಮೊದಲ ಉದ್ದವನ್ನು ಭುಜಕೋನದ ಕೊಸೈನಿನಿಂದಲೂ ಎರಡನೆಯ ಉದ್ದವನ್ನು ಎರಡೂ ಕೋನಗಳ ಮೊತ್ತದ ಕೊಸೈನಿನಿಂದಲೂ ಗುಣಿಸಿ ಕೂಡಿಸಬೇಕು. ಮುಂದೂರಕ್ಕೆ ಕೊಸೈನಿನ ಬದಲು ಸೈನ್. ಭುಜ 30 ಡಿಗ್ರಿ, ಮೊಣಕೈ 60 ಡಿಗ್ರಿ ಇದ್ದಾಗ ಮೊತ್ತ 90. ಹಾಗಾಗಿ ಅಡ್ಡದೂರ 20 × 0.866 + 15 × 0 = 17.32 ಸೆಂ.ಮೀ., ಮುಂದೂರ 20 × 0.5 + 15 × 1 = 25 ಸೆಂ.ಮೀ.

ನಿಜವಾದ ಕೆಲಸದಲ್ಲಿ ಬೇಕಾಗುವುದು ಇದರ ತಿರುವುಮುರುವು: ಬಿಡಿಭಾಗ ಎಲ್ಲಿದೆ ಎಂದು ಗೊತ್ತು, ಕೋನಗಳು ಗೊತ್ತಿಲ್ಲ. ಮೊದಲು ಬುಡದಿಂದ ತುದಿಯ ದೂರದ ವರ್ಗವನ್ನು ಕಂಡುಹಿಡಿಯಿರಿ: 300 + 625 = 925. ಇದರಿಂದ ಎರಡು ಉದ್ದಗಳ ವರ್ಗಗಳನ್ನು, ಅಂದರೆ 400 ಮತ್ತು 225ನ್ನು ಕಳೆದರೆ 300 ಉಳಿಯುತ್ತದೆ. ಅದನ್ನು 2 × 20 × 15 = 600ರಿಂದ ಭಾಗಿಸಿದರೆ 0.5; ಇದೇ ಮೊಣಕೈ ಕೋನದ ಕೊಸೈನ್. ಆದ್ದರಿಂದ ಕೋನ 60 ಡಿಗ್ರಿ, ಅಥವಾ ಋಣ 60 ಡಿಗ್ರಿ. ಎರಡೂ ಸರಿಯಾದ ಉತ್ತರಗಳೇ. ತುದಿಯ ದಿಕ್ಕಿನ ಕೋನ 55.28 ಡಿಗ್ರಿ, ಎರಡನೆಯ ಕೊಂಡಿಯ ಬಾಗುವಿಕೆಯಿಂದ ಬರುವ ತಿದ್ದುಪಡಿ 25.28 ಡಿಗ್ರಿ. ಮೊದಲ ಉತ್ತರಕ್ಕೆ ತಿದ್ದುಪಡಿಯನ್ನು ಕಳೆದರೆ ಭುಜ 30 ಡಿಗ್ರಿ, ಎರಡನೆಯದಕ್ಕೆ ಕೂಡಿಸಿದರೆ ಸುಮಾರು 80.57 ಡಿಗ್ರಿ. ಒಂದೇ ಬಿಂದುವನ್ನು ತೋಳು ಎಡಗೈಯಂತೆಯೂ ಬಲಗೈಯಂತೆಯೂ ಬಾಗಿ ಮುಟ್ಟಬಲ್ಲದು ಎಂಬುದೇ ಇದರ ಅರ್ಥ. ಪ್ರೋಗ್ರಾಂ ಬರೆಯುವಾಗ ಇವೆರಡರಲ್ಲಿ ಒಂದನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಬೇಕು. ನಡುವೆ ಬದಲಾಯಿಸಿದರೆ ತೋಳು ಎದುರಿಗಿರುವುದನ್ನೆಲ್ಲ ಬೀಸಿ ಹೊಡೆಯುತ್ತದೆ.

ಗ್ರಿಪ್ಪರಿನ ಕೋನವು ಭುಜ, ಮೊಣಕೈ, ಮಣಿಕಟ್ಟು ಈ ಮೂರೂ ಕೋನಗಳ ಮೊತ್ತ. ಬಿಡಿಭಾಗದ ದಿಕ್ಕು ಬದಲಾಗಬಾರದು ಎಂದಿದ್ದರೆ, ಬೇಕಾದ ಕೋನದಿಂದ ಮೊದಲೆರಡರ ಮೊತ್ತವನ್ನು ಕಳೆದು ಮಣಿಕಟ್ಟಿಗೆ ಕೊಡಿರಿ. ಮೋಟಾರನ್ನು ತಲೆಕೆಳಗಾಗಿ ಕೂರಿಸಿದ್ದರೆ ಚಿಹ್ನೆ ಬದಲಾಗುತ್ತದೆ.

ಹಂತ 6: ತಲುಪುವ ಕ್ಷೇತ್ರವನ್ನು ಗುರುತಿಸುವುದು

ಉದ್ದಗಳ ಲೆಕ್ಕದಲ್ಲಿ ಈ ತೋಳು 5 ಸೆಂ.ಮೀ. ಒಳವೃತ್ತದಿಂದ 35 ಸೆಂ.ಮೀ. ಹೊರವೃತ್ತದವರೆಗೆ ತಲುಪಬೇಕು. ಆದರೆ ಪೂರ್ತಿ ಚಾಚಿದ ತೋಳಿನ ತುದಿಯನ್ನು ಹೊರಕ್ಕಾಗಲಿ ಒಳಕ್ಕಾಗಲಿ ತಕ್ಷಣ ಸರಿಸಲು ಯಾವ ಕೀಲಿನಿಂದಲೂ ಆಗುವುದಿಲ್ಲ. ಎರಡೂ ಕೀಲುಗಳು ತುದಿಯನ್ನು ಅಡ್ಡಡ್ಡವಾಗಿ ಮಾತ್ರ ಒಯ್ಯುತ್ತವೆ. ಇಂತಹ ಭಂಗಿಯನ್ನು ವಿಲಕ್ಷಣ ಭಂಗಿ ಎನ್ನಬಹುದು. ಕೀಲಿನ ವೇಗವನ್ನು ತುದಿಯ ವೇಗಕ್ಕೆ ಜೋಡಿಸುವ ಲೆಕ್ಕದಲ್ಲಿ, ಎರಡು ಉದ್ದಗಳ ಗುಣಲಬ್ಧವನ್ನು ಮೊಣಕೈ ಕೋನದ ಸೈನಿನಿಂದ ಗುಣಿಸಿದ ಸಂಖ್ಯೆ ಛೇದದಲ್ಲಿ ಬರುತ್ತದೆ. ಕೋನ 60 ಡಿಗ್ರಿ ಇದ್ದಾಗ ಅದು ಸುಮಾರು 260, 5 ಡಿಗ್ರಿಗೆ ಇಳಿದಾಗ ಕೇವಲ 26, ಸೊನ್ನೆಯಲ್ಲಿ ಸೊನ್ನೆ. ಆದ್ದರಿಂದ ಅಂಚಿನ ಹತ್ತಿರ ತುದಿಯನ್ನು ನೇರವಾಗಿ ನಡೆಸಲು ಹೋದರೆ ಕೀಲುಗಳು ವಿಪರೀತ ವೇಗದಲ್ಲಿ ತಿರುಗಬೇಕಾಗುತ್ತದೆ. ಆರು ಕೀಲಿನ ತೋಳಿನಲ್ಲಿ ಐದನೆಯ ಕೀಲು ನೆಟ್ಟಗಾಗಿ ನಾಲ್ಕು ಮತ್ತು ಆರನೆಯ ಅಕ್ಷಗಳು ಒಂದೇ ಗೆರೆಗೆ ಬಂದಾಗಲೂ ಇದೇ ತೊಂದರೆ ತಲೆದೋರುತ್ತದೆ.

ಮೊಣಕೈಯನ್ನು 30ರಿಂದ 150 ಡಿಗ್ರಿಯೊಳಗೆ ಇರಿಸಿಕೊಂಡರೆ ಕ್ಷೇತ್ರವು 10.3 ಸೆಂ.ಮೀ.ಯಿಂದ 33.8 ಸೆಂ.ಮೀ.ಗೆ ಕುಗ್ಗುತ್ತದೆ, ಆದರೆ ಅದರೊಳಗೆ ಎಲ್ಲೆಡೆ ತೋಳು ನೆಮ್ಮದಿಯಾಗಿ ಚಲಿಸುತ್ತದೆ. ಟ್ರೇಯನ್ನೂ ಚೌಕಟ್ಟನ್ನೂ ಈ ಪಟ್ಟಿಯೊಳಗೇ ಇಡಿರಿ. 180 ಡಿಗ್ರಿ ಮಾತ್ರ ತಿರುಗುವ ಸರ್ವೋ ಬಳಸುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಸರ್ವೋದ ನಡುಬಿಂದುವನ್ನು ತೋಳು ನೆಟ್ಟಗಿರುವ ಸ್ಥಿತಿಗೆ ಜೋಡಿಸಿದರೆ ಮೊಣಕೈ ಎರಡೂ ಕಡೆಗೆ 90 ಡಿಗ್ರಿಯಷ್ಟೇ ಬಾಗುತ್ತದೆ, ಆಗ 25 ಸೆಂ.ಮೀ.ಗಿಂತ ಹತ್ತಿರದ ಯಾವ ಬಿಂದುವನ್ನೂ ತಲುಪಲಾಗದು. ನಡುಬಿಂದುವನ್ನು ಮೊಣಕೈ 90 ಡಿಗ್ರಿ ಬಾಗಿದ ಸ್ಥಿತಿಗೆ ಜೋಡಿಸಿದರೆ ಒಂದೇ ಕೈವಾಟ, ಅಂದರೆ ಎಡಗೈ ಅಥವಾ ಬಲಗೈ ಭಂಗಿಗಳಲ್ಲಿ ಒಂದು ಮಾತ್ರ, ಸಿಗುತ್ತದೆ, ಆದರೆ ಮೇಲೆ ಹೇಳಿದ ಪಟ್ಟಿ ಪೂರ್ತಿ ಕೈಗೆಟುಕುತ್ತದೆ.

ಹಂತ 7: ಚಲನೆಯನ್ನು ರೂಪಿಸುವುದು

ಸರ್ವೋಗೆ ಗುರಿಕೋನವನ್ನು ಒಮ್ಮೆಲೇ ಕೊಟ್ಟರೆ ಅದು ಇದ್ದಬದ್ದ ಬಲದಿಂದ ಜಿಗಿದು, ಗುರಿಯಲ್ಲಿ ತೂಗಾಡಿ ನಿಲ್ಲುತ್ತದೆ. ಬದಲಿಗೆ ಕೋನವನ್ನು ಕಾಲದ ಘನಸೂತ್ರದಲ್ಲಿ ಬದಲಾಯಿಸಿರಿ: ಕಳೆದ ಕಾಲವನ್ನು ಒಟ್ಟು ಕಾಲದಿಂದ ಭಾಗಿಸಿ, ಆ ಭಿನ್ನರಾಶಿಯ ವರ್ಗದ ಮೂರು ಪಟ್ಟಿನಿಂದ ಅದರ ಘನದ ಎರಡು ಪಟ್ಟನ್ನು ಕಳೆದರೆ ಎಷ್ಟು ಪಾಲು ತಿರುಗಿರಬೇಕೆಂಬುದು ಸಿಗುತ್ತದೆ. 90 ಡಿಗ್ರಿಯ ಚಲನೆಯಲ್ಲಿ ಕಾಲು ಸಮಯಕ್ಕೆ 14 ಡಿಗ್ರಿ, ಅರ್ಧಕ್ಕೆ 45, ಮುಕ್ಕಾಲಿಗೆ 76 ಡಿಗ್ರಿ ಆಗಿರುತ್ತದೆ. ಆರಂಭದಲ್ಲಿಯೂ ಕೊನೆಯಲ್ಲಿಯೂ ವೇಗ ಸೊನ್ನೆ, ನಡುವಿನ ಗರಿಷ್ಠ ವೇಗ ಸರಾಸರಿಯ ಒಂದೂವರೆ ಪಟ್ಟು. ಹವ್ಯಾಸಿ ಸರ್ವೋಗಳು 20 ಮಿಲಿಸೆಕೆಂಡಿಗೊಮ್ಮೆ ಆದೇಶ ಪಡೆಯುವುದರಿಂದ ಒಂದು ಸೆಕೆಂಡಿನ ಚಲನೆಯನ್ನು 50 ಮೆಟ್ಟಿಲುಗಳಾಗಿ ಕಳಿಸಬಹುದು. ಎಲ್ಲ ಕೀಲುಗಳಿಗೂ ಒಂದೇ ಒಟ್ಟು ಕಾಲವನ್ನು ಕೊಟ್ಟರೆ ಅವು ಒಟ್ಟಿಗೆ ಹೊರಟು ಒಟ್ಟಿಗೆ ನಿಲ್ಲುತ್ತವೆ.

ಹೀಗೆ ಕೀಲುಗಳನ್ನು ನಯವಾಗಿ ನಡೆಸಿದ ಮಾತ್ರಕ್ಕೆ ತುದಿ ನೇರ ಗೆರೆಯಲ್ಲಿ ಹೋಗುವುದಿಲ್ಲ. ಹಿಂದಿನ ಉದಾಹರಣೆಯ ಭಂಗಿಯಲ್ಲಿ ತುದಿ ಬುಡದಿಂದ 30.4 ಸೆಂ.ಮೀ. ದೂರದಲ್ಲಿದೆ. ಭುಜವೊಂದನ್ನೇ 60 ಡಿಗ್ರಿ ತಿರುಗಿಸಿದರೆ ತುದಿಯು ನೇರ ಗೆರೆಯಿಂದ ನಡುವಿನಲ್ಲಿ ಸುಮಾರು 4 ಸೆಂ.ಮೀ. ಹೊರಗೆ ಉಬ್ಬಿ ಸಾಗುತ್ತದೆ. ಖಾಲಿ ಜಾಗದಲ್ಲಿ ಇದರಿಂದ ತೊಂದರೆಯಿಲ್ಲ, ವೇಗವೂ ಹೆಚ್ಚು. ಗೆರೆ ಎಳೆಯುವುದು, ಅಂಟು ಹಚ್ಚುವುದು ಮುಂತಾದ ಕೆಲಸಗಳಲ್ಲಿ ಮಾತ್ರ ನೇರ ಗೆರೆಯನ್ನು ಸಣ್ಣ ತುಂಡುಗಳಾಗಿ ಒಡೆದು, ಪ್ರತಿ ಬಿಂದುವಿಗೂ ಐದನೆಯ ಹಂತದ ಹಿಮ್ಮುಖ ಲೆಕ್ಕವನ್ನು ಮಾಡಿಸಬೇಕು.

ಹಂತ 8: ಸಡಿಲವನ್ನು ಅಳೆದು ಸರಿಪಡಿಸುವುದು

ತೋಳಿನ ಕೆಳಗೆ ಗ್ರಾಫ್ ಹಾಳೆಯನ್ನು ಅಂಟಿಸಿ, ಗ್ರಿಪ್ಪರಿನ ಜಾಗದಲ್ಲಿ ಪೆನ್ಸಿಲ್ ಕಟ್ಟಿರಿ. ವಿದ್ಯುತ್ ಇರುವಾಗಲೇ ತುದಿಯನ್ನು ಬೆರಳಿನಿಂದ ಹಗುರವಾಗಿ ಎಡಕ್ಕೂ ಬಲಕ್ಕೂ ಒತ್ತಿ, ಅದು ಎಷ್ಟು ಆಡುತ್ತದೆಂದು ಗುರುತು ಮಾಡಿರಿ. ಭುಜದ ಗೇರಿನಲ್ಲಿ ಅರ್ಧ ಡಿಗ್ರಿ ಸಡಿಲವಿದ್ದರೂ 35 ಸೆಂ.ಮೀ. ದೂರದ ತುದಿಯಲ್ಲಿ ಅದು 3 ಮಿ.ಮೀ. ಆಗುತ್ತದೆ, ಅದೇ ಸಡಿಲ ಮೊಣಕೈಯಲ್ಲಿದ್ದರೆ 1.3 ಮಿ.ಮೀ. ಮಾತ್ರ. ಹಣ ಸೀಮಿತವಾಗಿದ್ದರೆ ಒಳ್ಳೆಯ ಗೇರನ್ನು ಭುಜಕ್ಕೇ ಮೀಸಲಿಡಿರಿ. ಕಾರ್ಖಾನೆಯ ತೋಳುಗಳಲ್ಲಿ ಈ ಕಾರಣಕ್ಕಾಗಿಯೇ ಹಾರ್ಮೋನಿಕ್ ಡ್ರೈವ್ ಎಂಬ, ಬಾಗುವ ಹಲ್ಲುಬಳೆಯಿರುವ, ಸಡಿಲವೇ ಇಲ್ಲವೆನ್ನಬಹುದಾದ ಗೇರನ್ನು ಬಳಸುತ್ತಾರೆ. ಅದು ಕೈಗೆಟುಕದಿದ್ದಲ್ಲಿ, ಪ್ರತಿ ಗುರಿಯನ್ನೂ ಒಂದೇ ದಿಕ್ಕಿನಿಂದ ಸಮೀಪಿಸುವಂತೆ ಪ್ರೋಗ್ರಾಂ ಬರೆಯುವುದು ಉತ್ತಮ ಪರಿಹಾರ. ಆಗ ಗೇರಿನ ಹಲ್ಲುಗಳು ಸದಾ ಒಂದೇ ಮಗ್ಗುಲಿಗೆ ಒತ್ತಿಕೊಂಡಿರುತ್ತವೆ.

ಮುಂದೆ ಸೊನ್ನೆಬಿಂದುವಿನ ತಿದ್ದುಪಡಿ. ಎಂಟು ಹತ್ತು ಗೊತ್ತಾದ ಬಿಂದುಗಳಿಗೆ ತೋಳನ್ನು ಕಳಿಸಿ, ಪೆನ್ಸಿಲ್ ನಿಜವಾಗಿ ನಿಂತ ಜಾಗವನ್ನು ಬರೆದುಕೊಳ್ಳಿರಿ. ಎಲ್ಲ ತಪ್ಪುಗಳೂ ಬುಡದ ಸುತ್ತ ಒಂದೇ ಕಡೆಗೆ ತಿರುಗಿದ್ದರೆ ಭುಜದ ಸೊನ್ನೆ ತಪ್ಪಿದೆ. ತುದಿಯು ಬುಡಕ್ಕೆ ಬೇಕಾದದ್ದಕ್ಕಿಂತ ಹತ್ತಿರವೋ ದೂರವೋ ನಿಲ್ಲುತ್ತಿದ್ದರೆ ಮೊಣಕೈಯ ಸೊನ್ನೆ ಅಥವಾ ಕೊಂಡಿಯ ಉದ್ದದ ಅಳತೆ ತಪ್ಪಿದೆ. ಕೈವಾಟ ಬದಲಿಸಬಲ್ಲ ತೋಳಾದರೆ ಅದೇ ಬಿಂದುವನ್ನು ಎಡಗೈ ಮತ್ತು ಬಲಗೈ ಭಂಗಿಗಳೆರಡರಲ್ಲಿಯೂ ಮುಟ್ಟಿಸಿ ನೋಡಿರಿ. ಮೊಣಕೈಯ ಸೊನ್ನೆ ತಪ್ಪಿದ್ದರೆ ಒಂದು ಭಂಗಿಯಲ್ಲಿ ತುದಿ ಹತ್ತಿರಕ್ಕೂ ಇನ್ನೊಂದರಲ್ಲಿ ದೂರಕ್ಕೂ ಸರಿಯುತ್ತದೆ. ಉದ್ದದ ತಪ್ಪಾದರೆ ಎರಡರಲ್ಲಿಯೂ ಒಂದೇ ಕಡೆಗೆ ಸರಿಯುತ್ತದೆ. ಈ ಪರೀಕ್ಷೆಗಳನ್ನು ಮೊದಲು ಹೊರೆಯಿಲ್ಲದೆ, ಅನಂತರ 100 ಗ್ರಾಂ ಹೊರೆಯೊಂದಿಗೆ, ಒಂದು ಗಂಟೆ ನಿರಂತರವಾಗಿ ದುಡಿಸಿದ ಮೇಲೆ ಮತ್ತೊಮ್ಮೆ ಮಾಡಿರಿ. ಆ ಹೊತ್ತಿಗೆ ಮುಟ್ಟಲಾಗದಷ್ಟು ಬಿಸಿಯಾಗಿರುವ ಮೋಟಾರು ಯಾವುದೋ, ನಾಲ್ಕನೆಯ ಹಂತದ ಲೆಕ್ಕವನ್ನು ಆ ಕೀಲಿನಿಂದಲೇ ಮತ್ತೆ ಆರಂಭಿಸಬೇಕು.